ಗೆಂಡೆ ಹಿಡಿಯಲು ಫ್ರಾನ್ಸಿಗೆ ಹೋದವರು

ಬರೀ ಗೆಂಡೆ ಮೀನು ಹಿಡಿಯಲೆಂದು ದುಡ್ಡು ಕೊಟ್ಟು ಫ್ರಾನ್ಸಿಗೆ ಹೋಗುವವರಿದ್ದಾರೆ ಎಂದು ಹೇಳಿದರೆ ಬೆಂಗಳೂರಿನ ಜಕ್ಕೂರು ಕೆರೆಯ ದಂಡೆಯಲ್ಲಿ ತಕ್ಕಡಿ ಇಟ್ಟುಕೊಂಡು ನಿಂತವರು ಮೊದಲು ನಗುತ್ತಾರೆ, ಆಮೇಲೆ ಲೆಕ್ಕ ಕೇಳುತ್ತಾರೆ. "ಅಲ್ಲಿ ಕೆಜಿ ಎಷ್ಟು ಸಾರ್?" ಕೆಜಿ ಲೆಕ್ಕವೇ ಇಲ್ಲ, ಹಿಡಿದ ಮೀನನ್ನು ತೂಗಿ, ಫೋಟೋ ತೆಗೆಸಿಕೊಂಡು, ಅದೇ ನೀರಿಗೆ ವಾಪಸ್ ಬಿಡುತ್ತಾರೆ ಅಂದೆ. "ಬಿಟ್ಬಿಡೋದಾದ್ರೆ ಹಿಡಿಯೋದ್ಯಾಕೆ?" ಎಂಬ ಮರುಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆ. ಇದರ ಹಿಂದೆಯೇ ಇನ್ನೊಂದಿದೆ: ಅಲ್ಲಿ ಮೂವತ್ತು ಕಿಲೋ ತೂಗುವ ಅದೇ ಜಾತಿಯ ಮೀನು ನಮ್ಮ ಹೆಬ್ಬಾಳ, ಜಕ್ಕೂರು, ಯಲಹಂಕದ ಕೆರೆಗಳಲ್ಲಿ ಒಂದೆರಡು ಕಿಲೋಗೆ ಯಾಕೆ ನಿಂತುಬಿಡುತ್ತದೆ?

ಯಲಹಂಕ ಉಪನಗರದಲ್ಲಿ ಒಟ್ಟಿಗೆ ಬೆಳೆದು ಈಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ಕೆಲವು ಗೆಳೆಯರು ಇತ್ತೀಚೆಗೆ ಇಂಥ ಪ್ರವಾಸ ಮುಗಿಸಿ ಬಂದರು. ಇಂಗ್ಲೆಂಡಿನ ಗಾಳಗಾರರಿಗೆ ಇದು ಹೊಸದಲ್ಲ. ಶನಿವಾರದಿಂದ ಶನಿವಾರಕ್ಕೆ ಒಂದು ಖಾಸಗಿ ಕೆರೆಯನ್ನೋ ಅದರ ಒಂದು ಮೂಲೆಯನ್ನೋ ಬಾಡಿಗೆಗೆ ಹಿಡಿಯುವುದು, ದಂಡೆಯಲ್ಲೇ ಗುಡಾರ ಹೊಡೆಯುವುದು, ಗಾಳದ ಕೋಲುಗಳನ್ನು ಕವಲಿಗೆ ಒರಗಿಸಿ ದಾರಕ್ಕೆ ಸದ್ದು ಮಾಡುವ ಪುಟ್ಟ ಯಂತ್ರ ಸಿಕ್ಕಿಸಿ ಮಲಗುವುದು. ಮೀನು ಎಳೆದಾಗ ಯಂತ್ರ ಕೀರಲು ಹಾಕುತ್ತದೆ, ನಡುರಾತ್ರಿಯಾದರೂ ಎದ್ದು ಓಡಬೇಕು. ವಾರದ ಬಹುಪಾಲು ಸಮಯ ಏನೂ ನಡೆಯುವುದಿಲ್ಲವಂತೆ. ಮಾತು, ಅಡುಗೆ, ಮಳೆ, ಮತ್ತೆ ಮಾತು. ಗೆಳೆಯರ ಕೂಟಕ್ಕೆ ಮೀನು ಒಂದು ನೆಪ ಎಂದು ಅನುಮಾನ ಬರುವಷ್ಟು.

ಆದರೆ ಮೀನಿನ ವಿಷಯದಲ್ಲಿ ಅವರು ತೋರಿಸುವ ಶಿಸ್ತು ನೆಪದ್ದಲ್ಲ. ದಡಕ್ಕೆ ತಂದ ಗೆಂಡೆಯನ್ನು ನೆಲಕ್ಕೆ ಹಾಕುವಂತಿಲ್ಲ, ಒದ್ದೆ ಮಾಡಿದ ಮೆತ್ತನೆಯ ಹಾಸಿನ ಮೇಲೇ ಮಲಗಿಸಬೇಕು. ಮೈಮೇಲಿನ ಲೋಳೆ ಒಣಗಬಾರದೆಂದು ನೀರು ಸುರಿಯುತ್ತಿರಬೇಕು. ಗಾಳ ಚುಚ್ಚಿದ ಜಾಗಕ್ಕೆ ಔಷಧಿ ಹಚ್ಚಬೇಕು. ತೂಗುವುದೂ ಜೋಲಿಯಲ್ಲೇ. ದೊಡ್ಡ ಮೀನುಗಳಿಗೆ ಹೆಸರಿರುತ್ತದೆ. ಹುರುಪೆಗಳ ವಿನ್ಯಾಸದಿಂದ ಇದು ಇಂಥದ್ದೇ ಎಂದು ಗುರುತಿಸಿ, ಹೋದ ಸಲ ಇಷ್ಟು ತೂಗಿತ್ತು, ಈಗ ಇಷ್ಟಾಗಿದೆ ಎಂದು ಬರೆದಿಡುತ್ತಾರೆ. ಮಗುವಿನ ತೂಕ ಬರೆದಿಡುವ ಅಂಗನವಾಡಿ ಪುಸ್ತಕದ ಹಾಗೆ.

ಈ ಗೀಳಿಗೆ ಒಂದು ಚರಿತ್ರೆಯಿದೆ. 1952ರ ಸೆಪ್ಟೆಂಬರ್ 13ರಂದು ಇಂಗ್ಲೆಂಡಿನ ರೆಡ್‌ಮೈರ್ ಎಂಬ ಸಣ್ಣ ಕೊಳದಲ್ಲಿ ರಿಚರ್ಡ್ ವಾಕರ್ ಎಂಬಾತ 44 ಪೌಂಡಿನ, ಅಂದರೆ ಸುಮಾರು 20 ಕಿಲೋದ ಗೆಂಡೆ ಹಿಡಿದ. ಅಲ್ಲಿಯವರೆಗೆ ಗೆಂಡೆ ಗಾಳಕ್ಕೆ ಸಿಗದ ಬುದ್ಧಿವಂತ ಮೀನು ಎಂಬ ನಂಬಿಕೆಯಿತ್ತು. ಆ ಮೀನನ್ನು ಲಂಡನ್ನಿನ ಮೃಗಾಲಯಕ್ಕೆ ಕೊಟ್ಟರು. ಕ್ಲಾರಿಸಾ ಎಂಬ ಹೆಸರಿನಲ್ಲಿ ಅದು ಅಲ್ಲಿನ ಗಾಜಿನ ತೊಟ್ಟಿಯಲ್ಲಿ 1971ರವರೆಗೂ ಬದುಕಿತ್ತು. ರೆಡ್‌ಮೈರ್‌ಗೆ ಗೆಂಡೆ ಮರಿಗಳನ್ನು ತಂದು ಬಿಟ್ಟದ್ದು 1934ರಲ್ಲಿ. ವಾಕರನ ಗಾಳಕ್ಕೆ ಬೀಳುವ ಮುಂಚೆ ಅದು ಹದಿನೆಂಟು ವರ್ಷ ತಿಂದು ಕೊಬ್ಬಿತ್ತು. ಈ ಹದಿನೆಂಟು ವರ್ಷ ಎಂಬುದನ್ನು ನೆನಪಿಟ್ಟುಕೊಳ್ಳಿ. ನಮ್ಮ ಕೆರೆಯ ಕಥೆಗೆ ಅದು ಬೇಕಾಗುತ್ತದೆ.

ಆಮೇಲೆ ಇಂಗ್ಲೆಂಡಿನವರ ಕಣ್ಣು ಫ್ರಾನ್ಸಿನ ಮೇಲೆ ಬಿತ್ತು. ಅಲ್ಲಿನ ಹಲವು ದೊಡ್ಡ ಕೆರೆಗಳು ಹಳೆಯವೇನೂ ಅಲ್ಲ, ಅಣೆಕಟ್ಟಿನ ಹಿನ್ನೀರುಗಳು. ಪ್ಯಾರಿಸ್ ನಗರಕ್ಕೆ ನೆರೆ ಬಾರದಂತೆ ಮಾರ್ನ್ ನದಿಯ ನೀರನ್ನು ತಿರುಗಿಸಿ ನಿಲ್ಲಿಸಲು 1974ರಲ್ಲಿ ಸಿದ್ಧವಾದ ಡೇರ್ ಜಲಾಶಯ 4,800 ಹೆಕ್ಟೇರಿನದು. ನಮ್ಮ ಜಕ್ಕೂರು ಕೆರೆ ಸುಮಾರು 160 ಎಕರೆ, ಅಂದರೆ ಎಪ್ಪತ್ತಕ್ಕೂ ಹೆಚ್ಚು ಜಕ್ಕೂರುಗಳು ಅದರೊಳಗೆ ಹಿಡಿಸುತ್ತವೆ. ದಕ್ಷಿಣದ ಸೇಂಟ್ ಕಾಸ್ಸಿಯನ್ ಎಂಬ ಜಲಾಶಯದಲ್ಲಿ 1980ರ ದಶಕದಲ್ಲಿ 76 ಪೌಂಡಿನ ಗೆಂಡೆ ಸಿಕ್ಕಿತು, ಸುಮಾರು ಮೂವತ್ತನಾಲ್ಕೂವರೆ ಕಿಲೋ. ಅದು ಆಗಿನ ವಿಶ್ವದಾಖಲೆ. ಆಮೇಲೆ ದಾಖಲೆ ಹಂಗೇರಿಯತ್ತ ಸರಿಯಿತು. 2018ರಲ್ಲಿ ಅಲ್ಲಿನ ಒಂದು ಖಾಸಗಿ ಕೆರೆಯಲ್ಲಿ 51 ಕಿಲೋದ ಗೆಂಡೆ ಗಾಳಕ್ಕೆ ಬಂತು.

ಇಂಥ ಮೀನು ಸುಲಭವಾಗಿ ಮೋಸಹೋಗುವುದಿಲ್ಲ. ಗೆಂಡೆಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ತಿನ್ನುವುದನ್ನು ನೀರಿನ ಸಮೇತ ಒಳಕ್ಕೆ ಹೀರಿ, ಬಾಯಲ್ಲಿ ತೂಗಿನೋಡಿ, ಅನುಮಾನ ಬಂದರೆ ಉಗುಳುತ್ತದೆ. ಮಣ್ಣಿನಿಂದ ಹುಳು ಹೆಕ್ಕಿ ತಿನ್ನುವ ಪ್ರಾಣಿಗೆ ಈ ಜಾಣತನ ಬೇಕೇಬೇಕು. ಎರೆಯನ್ನು ಕೊಕ್ಕೆಗೇ ಚುಚ್ಚಿದರೆ ಅದಕ್ಕೆ ಲೋಹದ ಭಾರ ತಿಳಿದುಬಿಡುತ್ತದೆ. ಲೆನ್ನಿ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಎಂಬಿಬ್ಬರು ಇಂಗ್ಲಿಷರು ಇದಕ್ಕೊಂದು ಉಪಾಯ ಕಂಡುಹಿಡಿದರು. ಎರೆಯನ್ನು ಕೊಕ್ಕೆಯ ಮೇಲಲ್ಲ, ಕೊಕ್ಕೆಯಿಂದ ಇಳಿಬಿಟ್ಟ ಕೂದಲಿನಷ್ಟು ತೆಳುವಾದ ಎಳೆಗೆ ಪೋಣಿಸುವುದು. ಮೊದಮೊದಲು ನಿಜವಾದ ಕೂದಲನ್ನೇ ಬಳಸಿದ್ದರಂತೆ. ಎರೆ ಸಹಜವಾಗಿ ತೇಲಿ ಬಾಯೊಳಗೆ ಹೋಗುತ್ತದೆ, ಅದರ ಹಿಂದೆ ಬೋಳು ಕೊಕ್ಕೆಯೂ ಹೋಗುತ್ತದೆ. ಉಗುಳುವಾಗ ಕೊಕ್ಕೆ ತುಟಿಗೆ ಸಿಕ್ಕಿಕೊಳ್ಳುತ್ತದೆ. ಉಗುಳುವ ಜಾಣತನವೇ ಮೀನಿಗೆ ಮುಳುವಾಯಿತು. ಎರೆ ಎಂದರೆ ಹಿಟ್ಟು, ಮೊಟ್ಟೆ ಕಲಸಿ ಬೇಯಿಸಿದ ಗಟ್ಟಿ ಉಂಡೆ. ಬೇಯಿಸುವುದು ಯಾಕೆಂದರೆ ಸಣ್ಣಪುಟ್ಟ ಮೀನುಗಳು ಕಚ್ಚಿ ಚೂರು ಮಾಡಬಾರದು, ದೊಡ್ಡ ಬಾಯಿಯ ಗೆಂಡೆ ಮಾತ್ರ ನುಂಗಬೇಕು. ನಮ್ಮಲ್ಲಿ ರಾಗಿ ಹಿಟ್ಟು, ಕಡಲೆಕಾಯಿ ಹಿಂಡಿ, ಒಂದಿಷ್ಟು ಬೆಲ್ಲ ಕಲಸಿ ಉಂಡೆ ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಾಳ ಹಾಕುವ ಶಾಸ್ತ್ರ ಇಂಗ್ಲಿಷರದೇ ಎಂದುಕೊಳ್ಳುವವರು ಬಸವಕಲ್ಯಾಣದ ಕಡೆ ಒಮ್ಮೆ ನೋಡಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜನ ವಿನೋದಗಳ ಸಾಲಿನಲ್ಲಿ ಮತ್ಸ್ಯವಿನೋದವೂ ಇದೆ. ಮೀನಿನ ಬಗೆಗಳು, ಯಾವ ಮೀನಿಗೆ ಯಾವ ಆಹಾರ ಕೊಟ್ಟು ಒಂದು ಜಾಗಕ್ಕೆ ಅಭ್ಯಾಸ ಮಾಡಿಸಬೇಕು, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬ ವಿವರಗಳು ಅದರಲ್ಲಿವೆ. ಪ್ರಾಣಿವಿಜ್ಞಾನಿ ಸುಂದರ್‌ಲಾಲ್ ಹೋರಾ 1951ರಲ್ಲಿ ಈ ಭಾಗದ ಮೇಲೆ ಬರೆದು ವಿಜ್ಞಾನಲೋಕದ ಗಮನಕ್ಕೆ ತಂದರು. ಇಂಗ್ಲಿಷರು ಗಾಳಶಾಸ್ತ್ರದ ಮೂಲಗ್ರಂಥವೆಂದು ಕಣ್ಣಿಗೊತ್ತಿಕೊಳ್ಳುವ ಐಸಾಕ್ ವಾಲ್ಟನ್ನನ ಪುಸ್ತಕ ಬಂದದ್ದು 1653ರಲ್ಲಿ, ಸೋಮೇಶ್ವರನಿಗಿಂತ ಐನೂರು ವರ್ಷ ತಡವಾಗಿ. ಮೀನಿಗೆ ಮೊದಲು ಉಣ್ಣಿಸಿ ನಂಬಿಕೆ ಹುಟ್ಟಿಸಿ ಆಮೇಲೆ ಗಾಳ ಬಿಡುವ ತಂತ್ರಕ್ಕೆ ಫ್ರಾನ್ಸಿನ ಕೆರೆದಂಡೆಯಲ್ಲಿ ಇಂದು ಚೀಲಗಟ್ಟಲೆ ಉಂಡೆ ಖರ್ಚಾಗುತ್ತದೆ. ಕಲ್ಯಾಣದ ಅರಸ ಅದನ್ನು ಬರೆದಿಟ್ಟು ಒಂಬೈನೂರು ವರ್ಷವಾಗುತ್ತಾ ಬಂತು. ಕರ್ನಾಟಕದ ಪಶುವೈದ್ಯಕೀಯ ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದೂ ಬಸವಕಲ್ಯಾಣವಿರುವ ಅದೇ ಬೀದರ್ ಜಿಲ್ಲೆಯಲ್ಲಿ. ಕಾಕತಾಳೀಯ ಇರಬಹುದು, ನನಗಂತೂ ಇಷ್ಟವಾದ ಕಾಕತಾಳೀಯ.

ಇನ್ನು ನಮ್ಮ ಮಹಾಮೀನಿನ ಕಥೆ ಬೇರೆಯದು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 120 ಪೌಂಡಿನ ಮಹಶೀರ್ ಹಿಡಿದದ್ದು ಜಗತ್ತಿನ ಗಾಳಗಾರರಿಗೆಲ್ಲ ಗೊತ್ತು. ಮಹಶೀರ್ ಕೂಡ ಗೆಂಡೆಯ ಬಳಗವೇ. ಆದರೆ ಅದು ಹರಿಯುವ ನದಿಯ ಮೀನು, ಕಾವೇರಿಯ ಗೂನುಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ, ಅಭಯಾರಣ್ಯದೊಳಗೆ ಗಾಳ ಹಾಕುವುದೂ ನಿಂತಿದೆ. ಅದನ್ನು ಈ ಮಾತಿಗೆ ಎಳೆದು ತರುವುದು ಬೇಡ. ಕೆರೆಯ ಗೆಂಡೆಗೇ ಬರೋಣ.

ಕಾಟ್ಲಾ, ರೋಹು, ಮೃಗಾಲ್ ಈ ಮೂರೂ ಗೆಂಡೆಗಳೇ. ಮೂರೂ ಗಂಗೆಯ ಬಯಲಿನಿಂದ ಬಂದವು, ನಮ್ಮ ಕೆರೆಗಳ ಮೂಲನಿವಾಸಿಗಳಲ್ಲ. ನಿಂತ ನೀರಿನಲ್ಲಿ ಅವು ಮೊಟ್ಟೆಯಿಡುವುದಿಲ್ಲ, ಮಳೆಗಾಲದ ಹೊಳೆಯೇ ಬೇಕು. ಹಾಗಾಗಿ ಬಹುಕಾಲ ಬಂಗಾಳದ ನದಿಗಳಲ್ಲಿ ಮರಿ ಹಿಡಿದು ರೈಲಿನಲ್ಲಿ ದೇಶದ ಮೂಲೆಮೂಲೆಗೆ ಸಾಗಿಸುತ್ತಿದ್ದರು. ದಾರಿಯಲ್ಲೇ ಎಷ್ಟೋ ಸಾಯುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಎಂಬ ವಿಜ್ಞಾನಿಗಳು ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಗೆಂಡೆಗಳಿಗೆ ಕೊಳದಲ್ಲೇ ಮರಿ ಮಾಡಿಸಿದರು. ದೇಶದ ಮೀನು ಕೃಷಿಕರ ದಿನವನ್ನು ಅದೇ ಜುಲೈ 10ಕ್ಕೆ ಆಚರಿಸುವುದು ಇದರ ನೆನಪಿಗೆ. ಇವತ್ತು ಆರ್.ಟಿ. ನಗರದ ಮೀನಂಗಡಿಯಲ್ಲಿ ಐಸ್ ಮೇಲೆ ಮಲಗಿರುವ, ಆಂಧ್ರದ ಕೊಳಗಳಿಂದ ಲಾರಿಯಲ್ಲಿ ಬಂದ ಕಾಟ್ಲಾ ರೋಹು ಎಲ್ಲವೂ ಆ ಒಂದು ಚುಚ್ಚುಮದ್ದಿನ ಸಂತಾನ.

ಫ್ರಾನ್ಸಿನಲ್ಲಿ ಹಿಡಿಯುವುದು ಇವುಗಳಲ್ಲಿ ಯಾವುದೂ ಅಲ್ಲ. ಅದು ಸಾಮಾನ್ಯ ಗೆಂಡೆ, ತುಟಿಯ ಎರಡೂ ಬದಿಗೆ ಎರಡೆರಡು ಮೀಸೆಯಿರುವ, ಹೊಳೆಯುವ ಕಂಚಿನ ಬಣ್ಣದ ಮೀನು. ಫ್ರಾನ್ಸಿಗೂ ಅದು ಹೊರಗಿನದೇ. ಡ್ಯಾನ್ಯೂಬ್ ನದಿಯಿಂದ ಹೊರಟು, ಮಾಂಸ ತಿನ್ನದ ವ್ರತದ ದಿನಗಳಿಗೆ ಮೀನು ಬೇಕೆಂದು ಮಠಗಳ ಸನ್ಯಾಸಿಗಳು ತೋಡಿಸಿದ ಕೊಳಗಳ ಮೂಲಕ ಅದು ಯೂರೋಪನ್ನು ಹಬ್ಬಿತು. ನಮ್ಮ ದೇಶಕ್ಕೆ ಅದು ಎರಡು ದಾರಿಯಿಂದ ಬಂತು. 1939ರಲ್ಲಿ ಸಿಂಹಳದಿಂದ ಊಟಿಗೆ ಬಂದದ್ದು ಯೂರೋಪಿನ ತಳಿ, ನೀಲಗಿರಿಯ ಚಳಿಗೆ ಹೊಂದಿಕೊಂಡು ಅಲ್ಲೇ ಉಳಿಯಿತು. 1957ರಲ್ಲಿ ಬ್ಯಾಂಕಾಕಿನಿಂದ ಕಟಕ್‌ಗೆ ತಂದ ಇನ್ನೊಂದು ತಳಿ ಬಯಲಿನ ಬಿಸಿನೀರಿಗೆ ಹೊಂದಿಕೊಂಡಿತು. ನಮ್ಮ ಕೆರೆಗಳಿಗೆ ಇಳಿದದ್ದು ಈ ಬ್ಯಾಂಕಾಕಿನ ಸಂತತಿ. ಅದಕ್ಕೆ ಚುಚ್ಚುಮದ್ದು ಬೇಡ, ಹೊಳೆಯೂ ಬೇಡ. ನೀರೊಳಗಿನ ಜೊಂಡು ಕಳೆಗೆ ಅಂಟುವ ಮೊಟ್ಟೆಯಿಟ್ಟು ಕೆರೆಯಲ್ಲೇ ಮರಿ ಮಾಡುತ್ತದೆ. ಇಲಾಖೆಗೂ ರೈತರಿಗೂ ಇಷ್ಟವಾದದ್ದು ಈ ಗುಣವೇ, ಮುಂದೆ ತಲೆನೋವಾದದ್ದೂ ಇದೇ.

ಚಳಿದೇಶದಲ್ಲಿ ಗೆಂಡೆಯ ಬಾಳು ನಿಧಾನ. ಚಳಿಗಾಲದಲ್ಲಿ ನೀರು ನಾಲ್ಕೈದು ಡಿಗ್ರಿಗೆ ಇಳಿದಾಗ ಅದು ತಳದಲ್ಲಿ ಹೆಚ್ಚುಕಮ್ಮಿ ಉಪವಾಸ ಕೂರುತ್ತದೆ. ಮೊಟ್ಟೆಯಿಡುವ ವಯಸ್ಸಿಗೆ ಬರಲು ವರ್ಷಗಟ್ಟಲೆ ಬೇಕು, ಆಮೇಲೂ ವರ್ಷಕ್ಕೊಮ್ಮೆ ಬೇಸಿಗೆಯ ಬಾಗಿಲಲ್ಲಿ, ನೀರು ಸುಮಾರು 18 ಡಿಗ್ರಿ ಮುಟ್ಟಿದಾಗ. ಅಷ್ಟರೊಳಗೆ ತಿಂದದ್ದೆಲ್ಲ ಮೈಗೆ ಹತ್ತುತ್ತದೆ. ಬೆಂಗಳೂರಿನ ಕೆರೆಯಲ್ಲಿ ನೀರು ವರ್ಷದ ಬಹುಪಾಲು ಇಪ್ಪತ್ತು ಡಿಗ್ರಿಯ ಮೇಲೆಯೇ. ಗೆಂಡೆಗೆ ಉಪವಾಸವಿಲ್ಲ, ಬೇಗ ಬೆಳೆಯುತ್ತದೆ, ಅದಕ್ಕಿಂತ ಬೇಗ ಬಲಿಯುತ್ತದೆ. ಹುಟ್ಟಿದ ಆರೇಳು ತಿಂಗಳಿಗೇ ಹೊಟ್ಟೆಯಲ್ಲಿ ಮೊಟ್ಟೆ ಕಟ್ಟುತ್ತದೆ. ಅಲ್ಲಿಂದ ಮುಂದೆ ತಿಂದ ಅನ್ನ ಮೈಗಲ್ಲ, ಮೊಟ್ಟೆಗೆ. ವರ್ಷಕ್ಕೆ ಎರಡು ಸಲ ಈ ಖರ್ಚು. ಮೇಲಾಗಿ ಕೆರೆಯ ತುಂಬ ಬೇಡದ ಮರಿಗಳು, ಇದ್ದ ಮೇವಿಗೆ ಪಾಲುದಾರರು. ಕೊಳ್ಳುವವರೂ ಗೊಣಗುತ್ತಾರೆ, ಮೀನಿನ ದುಡ್ಡಿಗೆ ಅರ್ಧ ಮೊಟ್ಟೆ ತೂಗಿಸಿಕೊಟ್ಟ ಎಂದು. ಮೊಟ್ಟೆಯ ಹುರುಕಲು ಇಷ್ಟಪಡುವ ನನ್ನಂಥವರ ಮಾತು ಬೇರೆ.

ಈ ಸಮಸ್ಯೆಯನ್ನು ಕೈಗೆತ್ತಿಕೊಂಡದ್ದು ಯಲಹಂಕದಿಂದ ಅಷ್ಟೇನೂ ದೂರವಲ್ಲದ ಹೆಸರಘಟ್ಟ. ಬೆಂಗಳೂರಿಗೆ ಕುಡಿಯುವ ನೀರು ಕೊಡಲು 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಆ ಕೆರೆ ನಗರದವರಿಗೆ ಈಗ ಹುಲ್ಲುಗಾವಲಿನ ಫೋಟೋ ತೆಗೆಯುವ ಜಾಗ. ಅದರ ಬದಿಯಲ್ಲೇ ಮೀನು ಸಂಶೋಧನೆಯ ಕೇಂದ್ರಗಳಿವೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಕೇಂದ್ರ ಸರ್ಕಾರದ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಒಂದು. ಇನ್ನೊಂದು, ಮೊದಲು ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಕೈಕೆಳಗಿದ್ದು ಈಗ ಬೀದರಿನ ವಿಶ್ವವಿದ್ಯಾಲಯಕ್ಕೆ ಸೇರಿದ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರ. ಈ ಎರಡನೆಯದರ ವಿಜ್ಞಾನಿಗಳು ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಜೊತೆ ಸೇರಿ, ಬ್ರಿಟಿಷ್ ಸರ್ಕಾರದ ನೆರವಿನಲ್ಲಿ, ನಮ್ಮ ಗೆಂಡೆ ಯಾಕೆ ಕುಬ್ಜವಾಗುತ್ತಿದೆ ಎಂದು ಹುಡುಕಿದರು. ಬೇಗ ಬಲಿಯುವುದು ಒಂದು ಕಾರಣ. ಹತ್ತಾರು ತಲೆಮಾರು ಒಂದೇ ಕೊಳದ ಬಳಗದೊಳಗೇ ಮರಿ ಮಾಡಿಸಿ ತಳಿ ಸೊರಗಿರುವುದು ಇನ್ನೊಂದು. ಹಂಗೇರಿ, ವಿಯೆಟ್ನಾಂ, ಇಂಡೋನೇಷ್ಯಾಗಳಿಂದ ಬೇರೆ ಬೇರೆ ತಳಿ ತರಿಸಿ ಹೆಸರಘಟ್ಟದ ಕೊಳಗಳಲ್ಲಿ ಒಟ್ಟಿಗೆ ಬೆಳೆಸಿ ನೋಡಿದಾಗ ಹಂಗೇರಿಯ ಅಮೂರ್ ಎಂಬ ತಳಿ ಮುಂದೆ ಬಂತು. ತಡವಾಗಿ ಬಲಿಯುತ್ತದೆ, ಸ್ಥಳೀಯ ತಳಿಗಿಂತ ಸುಮಾರು ಕಾಲು ಭಾಗದಷ್ಟು ಹೆಚ್ಚು ಬೆಳೆಯುತ್ತದೆ. ಆ ಮರಿಗಳು ಇಲ್ಲಿಂದ ಈಶಾನ್ಯ ರಾಜ್ಯಗಳವರೆಗೂ ಹೋದವು. 51 ಕಿಲೋದ ದಾಖಲೆಯ ಮೀನು ಸಿಕ್ಕಿದ್ದೂ ಹಂಗೇರಿಯಲ್ಲಿ, ಹೆಸರಘಟ್ಟದ ಕೊಳದಲ್ಲಿ ಈಜಿದ್ದೂ ಹಂಗೇರಿಯ ಮೀನೇ. ವಿಮಾನ ಹತ್ತಿ ಹೋದ ನನ್ನ ಗೆಳೆಯರಿಗೆ ಇದನ್ನು ಹೇಳಿದಾಗ ಅವರ ಮುಖ ನೋಡುವಂತಿತ್ತು.

ಹಾಗಾದರೆ ಅಮೂರ್ ಗೆಂಡೆ ಬಿಟ್ಟರೆ ಜಕ್ಕೂರಿನಲ್ಲೂ ಮೂವತ್ತು ಕಿಲೋ ಆಗುತ್ತದೆಯೇ? ಆಗುವುದಿಲ್ಲ. ತಳಿ ಅರ್ಧ ಉತ್ತರ ಮಾತ್ರ, ಉಳಿದರ್ಧ ವಯಸ್ಸು. ನಮ್ಮ ಕೆರೆಗೆ ಬೆರಳುದ್ದದ ಮರಿ ಬೀಳುವುದು ಮುಂಗಾರಿನ ನೀರು ಬಂದಮೇಲೆ. ಬಲೆ ಬೀಳುವುದು ಬೇಸಿಗೆಗೆ ನೀರು ಇಳಿಯುವ ಹೊತ್ತಿಗೆ, ಎಂಟು ಹತ್ತು ತಿಂಗಳಲ್ಲಿ. ಹದಿನೆಂಟು ವರ್ಷ ಯಾರೂ ಕಾಯುವುದಿಲ್ಲ, ಕಾಯಬೇಕಾಗಿಯೂ ಇಲ್ಲ. ಒಂದು ಕಿಲೋ ಮೀರಿದ ಮೇಲೆ ಮೀನು ತಿಂದಷ್ಟು ಮೇವಿಗೆ ಮೈ ಕೊಡುವುದು ಕಡಿಮೆಯಾಗುತ್ತಾ ಹೋಗುತ್ತದೆ. ತಿನ್ನಲೆಂದು ಬೆಳೆಸುವವನಿಗೆ ಒಂದೂವರೆ ಕಿಲೋದ ಮೀನೇ ಲಾಭ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಬಾಯಿಗೆ ಗಾಳ ಚುಚ್ಚಿ, ಎಳೆದಾಡಿ ಸುಸ್ತು ಮಾಡಿ, ಔಷಧಿ ಹಚ್ಚಿ ಬಿಡುವ ಪ್ರೀತಿಗಿಂತ ಬಲೆ ಹಾಕಿ ಹಿಡಿದು ಸಾರು ಮಾಡುವುದು ಹೆಚ್ಚು ನೇರವಾದ ವ್ಯವಹಾರ ಎಂದು ವಾದಿಸುವವರಿದ್ದಾರೆ. ಆ ವಾದ ನನಗೆ ಪೂರ್ತಿ ತಪ್ಪೆನಿಸಿಲ್ಲ.

ಆದರೂ ಅಲ್ಲಿನ ವ್ಯವಸ್ಥೆಯಲ್ಲಿ ನಮಗೆ ಬೇಕಾದ ಒಂದು ಸಂಗತಿಯಿದೆ. ಬದುಕಿರುವ ಮೀನಿಗೆ ಬೆಲೆಯಿದ್ದಾಗ ಅದು ಬದುಕುವ ನೀರಿಗೂ ಬೆಲೆ ಬರುತ್ತದೆ. ಫ್ರಾನ್ಸಿನ ಸಾರ್ವಜನಿಕ ನದಿ ಕೆರೆಗಳಲ್ಲಿ ಗಾಳ ಹಾಕುವವರೆಲ್ಲ ಕಾರ್ಡು ಕೊಳ್ಳಬೇಕು. ಆ ದುಡ್ಡಿನ ಒಂದು ಪಾಲು ಊರಿನ ಗಾಳಗಾರರ ಸಂಘಕ್ಕೆ, ಅದರಿಂದ ನೀರಿನ ಕಾವಲಿಗೆ. ರಾತ್ರಿ ಗೆಂಡೆ ಹಿಡಿಯಲು ಗುರುತಿಸಿದ ಜಾಗಗಳಲ್ಲಿ ಮಾತ್ರ ಅವಕಾಶ. ಅಲ್ಲಿ ಇನ್ನೊಂದು ತಮಾಷೆಯ ಕಾನೂನಿದೆ: 60 ಸೆಂಟಿಮೀಟರಿಗಿಂತ ಉದ್ದದ ಗೆಂಡೆಯನ್ನು ಹವ್ಯಾಸಿ ಗಾಳಗಾರ ಜೀವಂತ ಸಾಗಿಸುವಂತಿಲ್ಲ. ಸಾರ್ವಜನಿಕ ಕೆರೆಯ ದೊಡ್ಡ ಮೀನುಗಳನ್ನು ರಾತ್ರೋರಾತ್ರಿ ಕದ್ದು ಖಾಸಗಿ ಕೆರೆಗಳಿಗೆ ಮಾರುವ ದಂಧೆ ಬೆಳೆದಿತ್ತು, ಅದಕ್ಕೆ ಈ ಕಡಿವಾಣ. ಬಾಣಲೆಗೆ ಕದಿಯುವ ಕಳ್ಳರನ್ನು ಮಾತ್ರ ನೋಡಿದ ನಮಗೆ ಇದು ಬೇರೆ ಲೋಕದ ಅಪರಾಧ.

ನಮ್ಮ ಕೆರೆಯ ಲೆಕ್ಕ ಬೇರೆಯೇ. ಏರಿ, ಬೇಲಿ, ನಡಿಗೆಯ ದಾರಿ ಪಾಲಿಕೆಯದ್ದು. ಒಳಗೆ ಬರುವ ಚರಂಡಿ ನೀರು ಜಲಮಂಡಳಿಯದ್ದು. ಗಡಿಯ ಸರ್ವೆ ಕಂದಾಯದವರದ್ದು. ಮೀನು ಮಾತ್ರ ಮೀನುಗಾರಿಕೆ ಇಲಾಖೆಯದ್ದು, ಅದನ್ನು ಐದು ವರ್ಷಕ್ಕೆ ಗುತ್ತಿಗೆಗೆ ಕೊಡುತ್ತಾರೆ. ಗುತ್ತಿಗೆದಾರ ಮರಿ ಬಿಡುತ್ತಾನೆ, ಕಾವಲು ಹಾಕುತ್ತಾನೆ, ಹಿಡಿದು ಮಾರುತ್ತಾನೆ. ಗಾಳ ಹಿಡಿದು ದಂಡೆಯಲ್ಲಿ ಕೂತವನಿಗೆ ಈ ಪಟ್ಟಿಯಲ್ಲಿ ಎಲ್ಲೂ ಜಾಗವಿಲ್ಲ. ಅವನು ಕಾವಲುಗಾರನ ಕಣ್ಣಿಗೆ ಕಳ್ಳ, ಬೆಳಗಿನ ನಡಿಗೆಯವರ ಕಣ್ಣಿಗೆ ಪಕ್ಷಿಗಳ ಶತ್ರು. ಭಾನುವಾರ ಹರಿದ ಚಪ್ಪಲಿ ಹಾಕಿಕೊಂಡು ಹಿಂಡಿ ಉಂಡೆ ಹಿಡಿದು ಬರುವ ಕೂಲಿ ಹುಡುಗರನ್ನು ಓಡಿಸುವುದು ಸುಲಭ, ಓಡಿಸುತ್ತಾರೆ. ಅದೇ ಹವ್ಯಾಸಕ್ಕೆ ವೀಸಾ ಮಾಡಿಸುವವರನ್ನು ಯಾರೂ ಓಡಿಸುವುದಿಲ್ಲ.

ನೀರಿನ ಸ್ಥಿತಿ ಮೊದಲು ತಿಳಿಯುವುದು ಮೀನಿಗೆ, ಆಮೇಲೆ ಮೀನು ಹಿಡಿಯುವವನಿಗೆ. ಬೇಸಿಗೆಯ ಕೊನೆಗೆ ಮೊದಲ ಜೋರು ಮಳೆ ಬಿದ್ದಾಗ ರಾಜಕಾಲುವೆಯ ಕೊಳಕೆಲ್ಲ ಒಮ್ಮೆಗೇ ಕೆರೆಗೆ ನುಗ್ಗುತ್ತದೆ, ತಳದ ಹೂಳು ಕದಡುತ್ತದೆ, ಅದನ್ನು ಕೊಳೆಸುವ ಜೀವಾಣುಗಳು ನೀರಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತವೆ. ಹಗಲು ಆಮ್ಲಜನಕ ಕೊಡುವ ಪಾಚಿಯೂ ರಾತ್ರಿ ಅದನ್ನೇ ಉಸಿರಾಡುತ್ತದೆ, ಹಾಗಾಗಿ ಕಷ್ಟದ ಹೊತ್ತು ಬೆಳಗಿನ ಜಾವ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಕಾಟ್ಲಾ ರೋಹು ಮೊದಲು ಸೋಲುತ್ತವೆ, ಸಾಮಾನ್ಯ ಗೆಂಡೆ ಇನ್ನಷ್ಟು ಹೊತ್ತು ತಡೆಯುತ್ತದೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯ ತುಂಬ ಸತ್ತ ಮೀನು ತೇಲಿದ ಚಿತ್ರಗಳನ್ನು ಓದುಗರು ಮರೆತಿರಲಾರರು. ಅಂಥ ದಿನ ಬರುವ ಮುಂಚೆಯೇ ದಂಡೆಯಲ್ಲಿ ರಾತ್ರಿ ಕಳೆಯುವವರಿದ್ದಿದ್ದರೆ ಮೀನು ಬಾಯಿ ಬಿಡುವುದನ್ನು ಕಾಣುತ್ತಿದ್ದರು. ಜಕ್ಕೂರಿನಲ್ಲಿ ಶುದ್ಧೀಕರಣ ಘಟಕದ ನೀರು ಮೊದಲು ಜೊಂಡಿನ ಜೌಗಿನ ಮೂಲಕ ಹಾದು ಆಮೇಲೆ ಕೆರೆಗೆ ಬರುವಂತೆ ಮಾಡಿರುವುದರಿಂದ ಅಲ್ಲಿ ಬೇಸಿಗೆಯಲ್ಲೂ ನೀರಿದೆ, ಮೀನಿದೆ, ಮೀನುಗಾರರ ಹರಿಗೋಲೂ ಇದೆ. ಉತ್ತರ ಬೆಂಗಳೂರಿನಲ್ಲಿ ಗಾಳದ ಪ್ರಯೋಗ ಮಾಡುವುದಿದ್ದರೆ ನಾನು ಆರಿಸುವ ಕೆರೆ ಅದು.

ಗೆಂಡೆಯ ಮೇಲೆ ಒಂದು ದೂರೂ ಇದೆ, ಹೇಳದಿದ್ದರೆ ಪಕ್ಷಿಪ್ರಿಯರು ಕೋಪಿಸಿಕೊಳ್ಳುತ್ತಾರೆ. ತಳವನ್ನು ಮೂತಿಯಿಂದ ಉತ್ತು ಉತ್ತು ಅದು ನೀರನ್ನು ರಾಡಿ ಮಾಡುತ್ತದೆ, ಬೇರು ಕಿತ್ತು ನೀರುಗಿಡಗಳನ್ನು ಹಾಳು ಮಾಡುತ್ತದೆ, ಹೂಳಿನಲ್ಲಿದ್ದ ರಂಜಕವನ್ನು ಮೇಲೆ ತಂದು ಪಾಚಿಗೆ ಗೊಬ್ಬರ ಕೊಡುತ್ತದೆ. ಆಸ್ಟ್ರೇಲಿಯದಲ್ಲಿ ಅದನ್ನು ಪಿಡುಗೆಂದೇ ಸಾರಿದ್ದಾರೆ. ಯಲಹಂಕದ ಪುಟ್ಟೇನಹಳ್ಳಿ ಕೆರೆಯಂಥ ಪಕ್ಷಿಧಾಮದಲ್ಲಿ ದೊಡ್ಡ ಗೆಂಡೆಯ ಆಸೆ ಇಟ್ಟುಕೊಳ್ಳಬಾರದು. ಪ್ರತಿ ಕೆರೆಗೂ ಒಂದೇ ಕೆಲಸ ಹಚ್ಚುವುದು ನಮ್ಮ ನಗರದ ಹಳೆಯ ಚಾಳಿ, ಎಲ್ಲಕ್ಕೂ ಅದೇ ಬೇಲಿ, ಅದೇ ನಡಿಗೆ ಪಥ, ಅದೇ ಕಾರಂಜಿ.

ಕೆರೆ ನಡೆಸುವುದಕ್ಕೆ ಫ್ರಾನ್ಸಿನಲ್ಲೇ ಬೇರೆ ಮಾದರಿಯಿದೆ, ಗೆಳೆಯರ ಪ್ರವಾಸದ ಪಟ್ಟಿಯಲ್ಲಿ ಅದು ಇರಲಿಲ್ಲ. ಲಿಯೋನ್ ನಗರದ ಈಶಾನ್ಯಕ್ಕೆ ಡೊಂಬ್ ಎಂಬ ಸೀಮೆಯಲ್ಲಿ ಮಧ್ಯಯುಗದಿಂದ ತೋಡಿದ ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಒಂದರ ನೀರು ಇನ್ನೊಂದಕ್ಕೆ ಹರಿಯುತ್ತದೆ, ನಮ್ಮ ಜಕ್ಕೂರಿನ ಕೋಡಿ ರಾಚೇನಹಳ್ಳಿಗೆ ಹರಿಯುವಂತೆಯೇ. ಕೆಲವು ವರ್ಷ ನೀರು ನಿಲ್ಲಿಸಿ ಗೆಂಡೆ ಬೆಳೆಸುತ್ತಾರೆ, ತೂಬೆತ್ತಿ ಖಾಲಿ ಮಾಡಿ ಮೀನು ಹಿಡಿಯುತ್ತಾರೆ, ಆಮೇಲೆ ಒಂದು ವರ್ಷ ಕೆರೆಯಂಗಳವನ್ನು ಉತ್ತು ಧಾನ್ಯ ಬಿತ್ತುತ್ತಾರೆ. ಹೂಳು ಒಣಗುತ್ತದೆ, ರೋಗ ಸಾಯುತ್ತದೆ, ಮತ್ತೆ ನೀರು. ಬೇಸಿಗೆಗೆ ಒಣಗಿದ ಕೆರೆಯ ಗೋಡು ಮಣ್ಣನ್ನು ಹೊಲಕ್ಕೆ ಹೊಡೆಯುತ್ತಿದ್ದ ದೇವನಹಳ್ಳಿ, ದೊಡ್ಡಬಳ್ಳಾಪುರದ ಹಿರಿಯರಿಗೆ ಈ ಚಕ್ರ ತಕ್ಷಣ ಅರ್ಥವಾಗುತ್ತದೆ. ಡೊಂಬ್ ಸೀಮೆಯ ರೈತರು ಕೆರೆಯನ್ನು ಒಣಗಿಸುವುದನ್ನು ಕೆರೆಯ ಸಾವೆಂದು ತಿಳಿಯುವುದಿಲ್ಲ. ವರ್ಷಪೂರ್ತಿ ತುಂಬಿರಲಿ ಎಂದು ಕೊಳಚೆ ನೀರನ್ನಾದರೂ ಬಿಟ್ಟುಕೊಳ್ಳುವ ನಮ್ಮ ಹಟ ಈಚಿನದು.

ಇಷ್ಟೆಲ್ಲ ಹೇಳಿದ ಮೇಲೆ ಏನು ಮಾಡಬಹುದು ಎಂದು ಕೇಳುವವರಿಗೆ ಸಣ್ಣದೊಂದು ಸಲಹೆ ಇದೆ. ಉತ್ತರ ಬೆಂಗಳೂರಿನ ಒಂದೋ ಎರಡೋ ಕೆರೆಗಳಲ್ಲಿ, ಮುಂದಿನ ಸಲ ಮೀನಿನ ಗುತ್ತಿಗೆಗೆ ಟೆಂಡರ್ ಕರೆಯುವಾಗ, ಗಾಳಕ್ಕೆ ದಿನದ ಟಿಕೆಟ್ ಮಾರುವ ಹಕ್ಕನ್ನು ಗುತ್ತಿಗೆದಾರನಿಗೇ ಕೊಡಲಿ. ಹಿಡಿದ ಮೀನನ್ನು ಸಣ್ಣದಾದರೆ ಕೊಂಡುಕೊಂಡು ಮನೆಗೆ ಒಯ್ಯಬಹುದು, ಐದು ಕಿಲೋ ದಾಟಿದ್ದನ್ನು ಬಿಡಲೇಬೇಕು ಎಂಬ ಷರತ್ತು ಇರಲಿ. ಟಿಕೆಟ್ ದರ ಭಾನುವಾರದ ಕೂಲಿ ಹುಡುಗರಿಗೂ ಎಟುಕುವಂತಿರಲಿ. ಬಿಡುವ ಮರಿ ಹೆಸರಘಟ್ಟದ ಅಮೂರ್ ತಳಿಯದಾದರೆ ಇನ್ನೂ ಒಳ್ಳೆಯದು. ತೊಡಕಿರುವುದು ಅವಧಿಯಲ್ಲಿ. ಐದನೆಯ ವರ್ಷದ ಬೇಸಿಗೆಗೆ ಗುತ್ತಿಗೆ ಮುಗಿಯುತ್ತದೆ ಎಂದು ಗೊತ್ತಿರುವವನು ಹತ್ತು ಕಿಲೋದ ಮೀನನ್ನು ಮುಂದೆ ಬರುವವನಿಗೆ ಉಳಿಸಿ ಹೋಗುವುದಿಲ್ಲ, ಕೊನೆಯ ತಿಂಗಳಲ್ಲಿ ಬಲೆ ಹಾಕಿ ಕೆರೆ ಗುಡಿಸಿಬಿಡುತ್ತಾನೆ. ಆದ್ದರಿಂದ ಬಿಟ್ಟುಹೋಗುವ ದೊಡ್ಡ ಮೀನನ್ನು ಎಣಿಸಿ ತೂಗಿ, ಅದರ ಬೆಲೆಯನ್ನು ಹೊಸ ಗುತ್ತಿಗೆದಾರ ಹಳೆಯವನಿಗೆ ಕಟ್ಟಿಕೊಡುವ ಷರತ್ತನ್ನೂ ಟೆಂಡರಿನಲ್ಲೇ ಸೇರಿಸಬೇಕು. ಇದಕ್ಕೆ ಹೊಸ ಕಾನೂನೇನೂ ಬೇಕಾಗದು, ರಾಜ್ಯದ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯಲ್ಲೇ ಪರವಾನಗಿ ಕೊಡುವ ಅವಕಾಶವಿದೆ.